ಎರಕ ಹೊಯ್ಯಲು ಹೊರಟ ತಮ್ಮನಿಗೆ

ತಮ್ಮಾ, ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಮಾದರಿ ಮಾಡಲು ಹೊರಟಿದ್ದೀಯಂತೆ. ಒಳ್ಳೆಯ ಗುಡಿಯನ್ನೇ ಆರಿಸಿಕೊಂಡಿದ್ದೀ. 1050ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಳಪದ ಕಲ್ಲಿನಲ್ಲಿ ಎದ್ದ ಗುಡಿ ಅದು. ಒಳಗೆ 76 ಕಂಬಗಳಿವೆ. ಅಷ್ಟನ್ನೂ ಒಂದೊಂದಾಗಿ ಕೈಯಲ್ಲಿ ಕೊರೆಯುತ್ತ ಕೂತರೆ ಮೂವತ್ತನೆಯ ಕಂಬಕ್ಕೆ ಬರುವಷ್ಟರಲ್ಲಿ ಕೈಯ ಹದ ಬದಲಾಗಿರುತ್ತದೆ, ಮೊದಲನೆಯದಕ್ಕೂ ಅದಕ್ಕೂ ಅಳತೆ ಕೂಡುವುದಿಲ್ಲ. ಹಾಗಾಗಿ ಸಿಲಿಕೋನ್ ಅಚ್ಚು ಮಾಡಿ ರೆಸಿನ್ ಎರಕ ಹೊಯ್ಯಬೇಕೆಂದು ನೀನು ಯೋಚಿಸಿದ್ದು ಸರಿಯೇ. ನಮ್ಮ ಅಮರಗೋಳ ಸ್ಟೇಷನ್ನಿನಲ್ಲಿ ಹಾದುಹೋಗುವ ಬೋಗಿಗಳ ಮಾದರಿ ಮಾಡುತ್ತಿರುವ ನಿನ್ನ ಗೆಳೆಯನಿಗೂ ಬೇರೆ ದಾರಿಯಿಲ್ಲ. ಜರ್ಮನಿಯ ಇಂಜಿನ್ನಿಗೆ, ಅಮೆರಿಕದ ವ್ಯಾಗನ್ನಿಗೆ ಬಿಡಿಭಾಗಗಳು ಕಿಟ್ ಆಗಿ ಬೇಕಾದಷ್ಟು ಸಿಗುತ್ತವೆ. ನಮ್ಮ ನೀಲಿ ಬೋಗಿಯ ಚಾವಣಿಯ ಗಾಳಿಗೂಡು, ಚಕ್ರದ ಎಕ್ಸೆಲ್ ಬಾಕ್ಸು ಬೇಕೆಂದರೆ ಹಾಗೆ ಸುಲಭಕ್ಕೆ ಸಿಗುವುದಿಲ್ಲ, ಕೈಯಾರೆ ಮಾಡಿಕೊಳ್ಳಬೇಕು.

ಮರದ ಪ್ಯಾಟರ್ನ್ ಮಾಡಿ ಬದುಕಿದವನು ನಾನು. ಆ ಕಸುಬಿನಿಂದ ನಿನಗೆ ಕೊಡಬಹುದಾದ ಮುಖ್ಯ ಮಾತು ಒಂದೇ: ಸಿಲಿಕೋನ್ ಮತ್ತು ರೆಸಿನ್ ಮೇಲೆ ಹಾಕುವ ಹಣಕ್ಕಿಂತ ಮಾಸ್ಟರ್, ಅಂದರೆ ಅಚ್ಚು ಎತ್ತುವ ಮೂಲ ತುಂಡಿನ ಮೇಲೆ ಹಾಕುವ ಸಮಯ ದೊಡ್ಡದಿರಲಿ. ಸಿಲಿಕೋನ್ ಎಷ್ಟು ನಿಷ್ಠೆಯ ವಸ್ತು ಎಂದರೆ ಮಾಸ್ಟರಿನ ಮೇಲೆ ಅಂಟಿದ ನಿನ್ನ ಬೆರಳ ಗುರುತನ್ನೂ ಎತ್ತಿಕೊಳ್ಳುತ್ತದೆ. ಅರದ ಒಂದು ಗೀರು ಉಳಿದರೆ ಆ ಗೀರು 76 ಕಂಬಗಳಲ್ಲೂ ಬರುತ್ತದೆ, ಆಮೇಲೆ 76 ಸಲ ತಿಕ್ಕಬೇಕಾಗುತ್ತದೆ. ಮಾಸ್ಟರಿಗೆ ಬೂದು ಬಣ್ಣದ ಪ್ರೈಮರ್ ಹೊಡೆದು, ಬೆಳಕನ್ನು ಪಕ್ಕದಿಂದ ಬೀಳಿಸಿ ನೋಡು. ನೇರ ಬೆಳಕಿನಲ್ಲಿ ಅಡಗಿದ್ದ ಏರುತಗ್ಗೆಲ್ಲ ಆಗ ಕಾಣುತ್ತದೆ. ನೀರು ಹಾಕಿ ಸಣ್ಣ ಕಾಗದದಿಂದ ತಿಕ್ಕು, ಮತ್ತೆ ಪ್ರೈಮರ್ ಹೊಡೆ, ಮತ್ತೆ ನೋಡು. ಬೇಸರ ಬಂದರೆ ಬಿಟ್ಟು ಮರುದಿನ ಮಾಡು, ಆದರೆ ಅರೆಬರೆ ಮಾಸ್ಟರಿನ ಮೇಲೆ ಸಿಲಿಕೋನ್ ಸುರಿಯಬೇಡ.

ಇನ್ನೊಂದು ಸಂಗತಿ ಕುಗ್ಗುವಿಕೆ. ಬೆಳಗಾವಿ, ಹುಬ್ಬಳ್ಳಿಯ ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡುವವರು ಸಾಮಾನ್ಯ ಸ್ಕೇಲಿನಲ್ಲಿ ಅಳೆಯುವುದಿಲ್ಲ. ಬೀಡು ಕಬ್ಬಿಣ ತಣಿಯುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತದೆ, ಉಕ್ಕು ಸುಮಾರು 20 ಮಿ.ಮೀ. ಕುಗ್ಗುತ್ತದೆ. ಅಷ್ಟನ್ನು ಮೊದಲೇ ಸೇರಿಸಿ ಗುರುತು ಹಾಕಿದ ಸ್ಕೇಲು ಅವರ ಕೈಯಲ್ಲಿರುತ್ತದೆ. ರೆಸಿನ್ನಿನಲ್ಲೂ ಇದೇ ಲೆಕ್ಕ. ಚಿಕ್ಕ ಕಂಬಕ್ಕೆ ಅದು ಲೆಕ್ಕಕ್ಕೆ ಬಾರದು: ಎರಡೂವರೆ ಮೀಟರಿನ ಕಂಬ 1:50ರಲ್ಲಿ 50 ಮಿ.ಮೀ. ಆಗುತ್ತದೆ, ಅರ್ಧ ಶೇಕಡಾ ಕುಗ್ಗಿದರೆ ಹೋಗುವುದು ಕಾಲು ಮಿ.ಮೀ. ಮಾತ್ರ. ನಿನ್ನ ಗೆಳೆಯನ ಬೋಗಿಯ ಮಾತು ಬೇರೆ. 21,337 ಮಿ.ಮೀ. ಉದ್ದದ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿ 1:87ರಲ್ಲಿ 245 ಮಿ.ಮೀ. ಬರುತ್ತದೆ. ಅದೇ ಅರ್ಧ ಶೇಕಡಾ ಅಲ್ಲಿ ಒಂದು ಮಿ.ಮೀ. ದಾಟುತ್ತದೆ. ಆಗ ಕಿಟಕಿಯ ಸಾಲಿಗೂ ಚಾವಣಿಗೂ ತಾಳೆಯಾಗುವುದಿಲ್ಲ. ಎಷ್ಟು ಕುಗ್ಗುತ್ತದೆಂದು ಡಬ್ಬಿಯ ಮೇಲಿನ ಅಂಕಿ ನಂಬಿ ಕೂರದೆ, 100 ಮಿ.ಮೀ. ಉದ್ದದ ಒಂದು ಪಟ್ಟಿ ಮಾಡಿ, ನಿನ್ನದೇ ಸಿಲಿಕೋನ್, ನಿನ್ನದೇ ರೆಸಿನ್ನಿನಲ್ಲಿ ಎರಕ ಹೊಯ್ದು ಕ್ಯಾಲಿಪರಿನಿಂದ ಅಳೆ. ಅಚ್ಚಿನದೊಂದು, ಎರಕದ್ದೊಂದು, ಎರಡೂ ಕುಗ್ಗುವಿಕೆ ಸೇರಿ ಅಲ್ಲಿ ಕಾಣುತ್ತವೆ. ಎರಕದ ತುಂಡನ್ನೇ ಮಾಸ್ಟರ್ ಮಾಡಿಕೊಂಡು ಅದರಿಂದ ಮತ್ತೊಂದು ಅಚ್ಚು ತೆಗೆಯಬಾರದೆನ್ನುವುದೂ ಇದಕ್ಕೇ. ಪ್ರತಿ ಪೀಳಿಗೆಗೂ ಅಳತೆ ಸವೆಯುತ್ತದೆ, ಅಂಚು ಮೊಂಡಾಗುತ್ತದೆ.

ಗೆಳೆಯನಿಗೆ ಹಳಿಯ ಲೆಕ್ಕವನ್ನೂ ಹೇಳು. ಪೇಟೆಯಲ್ಲಿ ಸಿಗುವ 16.5 ಮಿ.ಮೀ. ಹಳಿ 1435 ಮಿ.ಮೀ. ಗೇಜಿನ ದೇಶಗಳದ್ದು. ನಮ್ಮದು 1676 ಮಿ.ಮೀ. ಬ್ರಾಡ್‌ಗೇಜು. 1:87ರಲ್ಲಿ ಅದು 19.3 ಮಿ.ಮೀ. ಆಗಬೇಕು. ಸಿಗುವ ಹಳಿಯ ಮೇಲೆಯೇ ಓಡಿಸುತ್ತಾನೋ, ತಾನೇ ಅಗಲದ ಹಳಿ ಹಾಕಿಕೊಳ್ಳುತ್ತಾನೋ ಎಂಬುದನ್ನು ಟ್ರಕ್ಕಿನ, ಅಂದರೆ ಬೋಗಿಯ ಕೆಳಗೆ ಚಕ್ರ ಹೊರುವ ಚೌಕಟ್ಟಿನ, ಮಾಸ್ಟರ್ ಮಾಡುವ ಮೊದಲೇ ತೀರ್ಮಾನಿಸಬೇಕು. ಎರಡೂ ಬದಿಯ ಎಕ್ಸೆಲ್ ಬಾಕ್ಸಿನ ನಡುವಿನ ಅಂತರ ಅದರ ಮೇಲೆ ನಿಂತಿದೆ.

ಅಳತೆ ಎಲ್ಲಿಂದ ತರುತ್ತೀರಿ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯ. ಹಳಿಯ ಪಕ್ಕ ನಿಂತು ಟೇಪು ಹಿಡಿಯುವ ಹುಚ್ಚು ಬೇಡ; ಜೀವಕ್ಕೂ ಅಪಾಯ, ಕಾನೂನಿಗೂ ಅಪರಾಧ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಮ್ ಇದೆ. ನಿಂತ ಗಾಡಿಗಳು, ಹಳೆಯ ಸಾಮಾನುಗಳು ಅಲ್ಲಿವೆ. ಸಿಬ್ಬಂದಿಯನ್ನು ಕೇಳಿ, ಒಪ್ಪಿದರೆ ಅಳೆದುಕೊಳ್ಳಿ. ಗುಡಿಯ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕಂಬವನ್ನು ಅಳೆ, ನೆರಳು ಬೀಳುವ ಹೊತ್ತಿನಲ್ಲಿ ಫೋಟೊ ತೆಗೆ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆ. ಆದರೆ ಕೆತ್ತನೆಯ ಮೇಲೆ ನೇರವಾಗಿ ಸಿಲಿಕೋನ್ ಬಳಿದು ಅಚ್ಚೆತ್ತುವ ಯೋಚನೆ ಕನಸಿನಲ್ಲೂ ಬರಬಾರದು. ಸಿಲಿಕೋನಿನ ಎಣ್ಣೆ ಕಲ್ಲಿನ ರಂಧ್ರದೊಳಗೆ ಇಳಿದು ಕಲೆ ಕೂರಿಸುತ್ತದೆ. ಸಡಿಲಾದ ಪದರಿದ್ದರೆ ಅಚ್ಚಿನ ಜೊತೆಗೇ ಎದ್ದು ಬರುತ್ತದೆ. ರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಕಾಯ್ದೆಯಂತೆ ಶಿಕ್ಷೆಯ ಅಪರಾಧ. ಆದರೆ ನಾನು ಕಾಯ್ದೆಗೆ ಹೆದರಿ ಹೇಳುತ್ತಿಲ್ಲ. ನಮ್ಮೂರ ಬನಶಂಕರಿ ಗುಡಿ, ಶಂಕರಲಿಂಗ ಗುಡಿ, ಪಕ್ಕದ ಉಣಕಲ್ಲಿನ ಚಂದ್ರಮೌಳೇಶ್ವರ, ಇವು ನೂರಾರು ವರ್ಷದ ಮಳೆ ತಡೆದು ನಿಂತಿವೆ. ನಮ್ಮ ಹವ್ಯಾಸಕ್ಕಾಗಿ ಅವುಗಳ ಮೇಲೆ ಒಂದು ಕಲೆಯೂ ಬೀಳಕೂಡದು.

ಅಚ್ಚಿನ ವಿದ್ಯೆ ನಿನಗೆ ಹೊಸದೆಂದು ತಿಳಿಯಬೇಡ. ಗೌರಿ ಹುಣ್ಣಿಮೆಗೆ ಹುಬ್ಬಳ್ಳಿ-ಧಾರವಾಡದ ಪೇಟೆಯಲ್ಲಿ ಸಕ್ಕರೆ ಆರತಿ ಸಾಲುಗಟ್ಟಿ ಕೂತಿರುತ್ತದಲ್ಲ, ಅದೂ ಎರಕವೇ. ಮರದ ಅಚ್ಚಿನ ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಬಿಗಿದು ಕಟ್ಟಿ, ಹದಕ್ಕೆ ಬಂದ ಸಕ್ಕರೆ ಪಾಕ ಹೊಯ್ಯುತ್ತಾರೆ. ನೆನೆದ ಮರಕ್ಕೆ ಪಾಕ ಹಿಡಿಯುವುದಿಲ್ಲ. ಆ ಅಚ್ಚು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ, ಹೋಳು ಕೂಡುವ ಗೆರೆ ಆನೆಯ ಬೆನ್ನಿನ ಮೇಲೋ ನವಿಲಿನ ಕುತ್ತಿಗೆಯ ಮೇಲೋ ಹಾದುಹೋಗಿರುತ್ತದೆ. ಮುಂದಿನ ಹುಣ್ಣಿಮೆಗೆ ಒಂದು ಗೊಂಬೆ ತಂದು ಆ ಗೆರೆಯನ್ನು ಹುಡುಕಿ ನೋಡು. ಗೆರೆ ಎಲ್ಲಿಟ್ಟರೆ ಗೊಂಬೆ ಮುರಿಯದೆ ಬಿಡುತ್ತದೆ, ಎಲ್ಲಿಟ್ಟರೆ ಕಣ್ಣಿಗೆ ಬೀಳುವುದಿಲ್ಲ ಎಂದು ಆ ಅಚ್ಚು ಕೊರೆದ ಬಡಿಗ ಎಷ್ಟು ಯೋಚಿಸಿದ್ದಾನೆಂದು ತಿಳಿಯುತ್ತದೆ. ಮರ ಬಾಗುವುದಿಲ್ಲವಾದ್ದರಿಂದ ಅವನು ಒಳಕ್ಕೆ ಸರಿದ ಗೀರುಗಳನ್ನು, ನಾವು ಅಂಡರ್‌ಕಟ್ ಎನ್ನುವುದನ್ನು, ಬಿಟ್ಟೇ ಕೊರೆಯಬೇಕು. ಸಿಲಿಕೋನ್ ಬಾಗುತ್ತದೆ. ಚಾಲುಕ್ಯರ ಕಂಬದಲ್ಲಿ ಕಡೆದ ಬಳೆಗಳ ನಡುವೆ ಆಳದ ಗೀರುಗಳಿರುತ್ತವೆ. ಗಟ್ಟಿ ಅಚ್ಚಿನಲ್ಲಿ ಅದನ್ನು ಎತ್ತಲಾಗದು, ಸಿಲಿಕೋನಿನಲ್ಲಿ ಎತ್ತಬಹುದು.

ಕಂಬಕ್ಕೆ ಎರಡು ಹೋಳಿನ ಅಚ್ಚೂ ಬೇಕಿಲ್ಲ. ಮಾಸ್ಟರಿನ ಬುಡವನ್ನು ಪೆಟ್ಟಿಗೆಯ ತಳಕ್ಕೆ ಅಂಟಿಸಿ ನಿಲ್ಲಿಸಿ ಸುತ್ತ ಒಂದು ಸೆಂಟಿಮೀಟರ್ ದಪ್ಪ ಬರುವಂತೆ ಇಡಿಯಾಗಿ ಸಿಲಿಕೋನ್ ತುಂಬು. ಗಟ್ಟಿಯಾದ ಮೇಲೆ ಒಂದು ಬದಿಯಲ್ಲಿ ಮಾತ್ರ ಹರಿತವಾದ ಬ್ಲೇಡಿನಿಂದ ಸೀಳು. ಸೀಳುವಾಗ ಹೊರಗಡೆ ಹಾವಿನ ನಡೆಯಂತೆ ಡೊಂಕಾಗಿ, ಕಂಬದ ಹತ್ತಿರ ಬಂದಾಗ ನೇರವಾಗಿ ಸೀಳಬೇಕು. ಮತ್ತೆ ಮುಚ್ಚಿದಾಗ ಡೊಂಕು ಡೊಂಕಿಗೆ ಕೂಡಿ ಅಚ್ಚು ತಾನಾಗಿ ಸರಿಯಾಗಿ ಕೂರುತ್ತದೆ. ಸೀಳಿನ ಗೆರೆ ಮಾದರಿಯಲ್ಲಿ ಗೋಡೆಯ ಕಡೆ ಬರುವ ಮಗ್ಗುಲಿಗಿರಲಿ. ಅಚ್ಚನ್ನು ತಲೆಕೆಳಗು ಮಾಡಿ ರೆಸಿನ್ನನ್ನು ಬುಡದ ಕಡೆಯಿಂದ ಹೊಯ್ಯಿ. ಗುಳ್ಳೆ ಮೇಲೆ ಬಂದರೂ ಅದು ನೆಲಕ್ಕೆ ಅಂಟುವ ಜಾಗ, ಕಾಣುವುದಿಲ್ಲ. ಅಚ್ಚನ್ನು ಎರಡು ಹಲಗೆಯ ನಡುವೆ ಇಟ್ಟು ರಬ್ಬರ್‌ಬ್ಯಾಂಡ್ ಹಾಕು, ಆದರೆ ಬಿಗಿಯಬೇಡ. ಬಿಗಿದರೆ ದುಂಡು ಕಂಬ ಚಪ್ಪಟೆಯಾಗುತ್ತದೆ.

ಎಕ್ಸೆಲ್ ಬಾಕ್ಸಿನಂಥ ಎರಡೂ ಮುಖದ ತುಂಡಿಗೆ ಎರಡು ಹೋಳು ಬೇಕೇ ಬೇಕು. ಅರ್ಧಕ್ಕೆ ಮಾಡೆಲಿಂಗ್ ಕ್ಲೇಯಲ್ಲಿ ಹುದುಗಿಸಿ, ಅಲ್ಲಲ್ಲಿ ಕುಳಿ ಒತ್ತಿ, ಮೊದಲ ಅರ್ಧ ಹೊಯ್ಯುತ್ತೀ. ಇಲ್ಲಿ ಎರಡು ಸಂಗತಿ ಮರೆಯಬೇಡ. ಸಿಲಿಕೋನ್ ಬೇರೆ ಯಾವುದಕ್ಕೂ ಸುಲಭವಾಗಿ ಅಂಟದಿದ್ದರೂ ಸಿಲಿಕೋನಿಗೆ ಅಂಟಿಯೇ ಅಂಟುತ್ತದೆ. ಎರಡನೆಯ ಅರ್ಧ ಹೊಯ್ಯುವ ಮೊದಲು ಮೊದಲನೆಯದರ ಮೈಗೆಲ್ಲ ವ್ಯಾಸಲೀನಿನ ತೆಳು ಲೇಪ ಕೊಡಬೇಕು, ಒಂದು ಚುಕ್ಕೆ ಬಿಟ್ಟರೂ ಎರಡೂ ಒಂದೇ ಗಡ್ಡೆಯಾಗುತ್ತವೆ. ಇನ್ನೊಂದು, ಕ್ಲೇಯಲ್ಲಿ ಗಂಧಕ ಇರಬಾರದು. ಸಿಲಿಕೋನಿನಲ್ಲಿ ಎರಡು ಜಾತಿ. ತವರದ ಕ್ಯಾಟಲಿಸ್ಟಿನದು ಅಗ್ಗ, ಬೇಕಾದ್ದನ್ನೆಲ್ಲ ಸಹಿಸಿಕೊಳ್ಳುತ್ತದೆ, ಆದರೆ ಸ್ವಲ್ಪ ಕುಗ್ಗುತ್ತದೆ, ಕೆಲವು ವರ್ಷಕ್ಕೆ ಅಚ್ಚು ಹರಿಯಲು ಶುರುವಾಗುತ್ತದೆ. ಪ್ಲಾಟಿನಮ್ ಜಾತಿಯದು ತುಟ್ಟಿ, ಅಳತೆ ಕೆಡುವುದಿಲ್ಲ, ಬಾಳಿಕೆ ಹೆಚ್ಚು. ಆದರೆ ಅದು ಬಹಳ ನಾಜೂಕು: ಗಂಧಕವಿರುವ ಕ್ಲೇ, ಲ್ಯಾಟೆಕ್ಸ್ ಕೈಚೀಲ, ತವರದ ಸಿಲಿಕೋನ್ ತಾಗಿದ ಬಟ್ಟಲು, ಸರಿಯಾಗಿ ಒಣಗದ 3ಡಿ ಪ್ರಿಂಟ್, ಇವುಗಳಲ್ಲಿ ಯಾವುದು ಮುಟ್ಟಿದರೂ ಆ ಜಾಗದಲ್ಲಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಮಾಸ್ಟರಿನ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ರಾತ್ರಿ ಬಿಟ್ಟು ನೋಡು. ಬೆಳಿಗ್ಗೆ ಒಣಗಿದ್ದರೆ ಮುಂದುವರಿ. ಕಲಿಯುವ ದಿನಗಳಿಗೆ ತವರದ್ದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಅಳತೆಯನ್ನು ಕಣ್ಣಂದಾಜಿನಲ್ಲಿ ಹಾಕಬೇಡ. ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಈಗ ಎಲ್ಲೆಡೆ ಸಿಗುತ್ತದೆ. ಎಷ್ಟು ಸಿಲಿಕೋನ್ ಬೇಕೆಂದು ತಿಳಿಯಲು ಮಾಸ್ಟರ್ ಇಟ್ಟ ಪೆಟ್ಟಿಗೆಗೆ ಸಾಸಿವೆ ತುಂಬಿ, ಅದನ್ನು ಅಳತೆಯ ಲೋಟಕ್ಕೆ ಸುರಿದು ನೋಡು. ನೀರು ಬೇಡ, ತೇವ ಉಳಿಯುತ್ತದೆ. ಕಲಸುವಾಗ ಬಟ್ಟಲಿನ ಅಂಚು, ತಳ ಕೆರೆದು ಕಲಸು, ಆಮೇಲೆ ಬೇರೆ ಬಟ್ಟಲಿಗೆ ಸುರಿದು ಮತ್ತೊಮ್ಮೆ ಕಲಸು. ಮೊದಲ ಬಟ್ಟಲಿನ ಗೋಡೆಗೆ ಕಲಸದೆ ಉಳಿದದ್ದು ಅಚ್ಚಿಗೆ ಬೀಳುವುದಿಲ್ಲ. ಹೊಯ್ಯುವಾಗ ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಾಗಿ, ಪೆಟ್ಟಿಗೆಯ ಒಂದೇ ಮೂಲೆಗೆ ಹೊಯ್ಯಿ. ಧಾರೆ ಎಳೆಯಾಗುವಾಗ ಒಳಗಿನ ಗುಳ್ಳೆ ಒಡೆಯುತ್ತದೆ. ಸಿಲಿಕೋನ್ ತಾನೇ ಏರಿ ಮಾಸ್ಟರನ್ನು ಮುಳುಗಿಸಲಿ.

ಸಿಲಿಕೋನಿನ ಗುಳ್ಳೆ ತೆಗೆಯಲು ವ್ಯಾಕ್ಯೂಮ್ ಪಂಪ್ ತೆಗೆದುಕೊಂಡರೆ ಒಂದು ಗೊಂದಲ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮೀಟರು ಪಾದರಸದ 29 ಇಂಚು ತೋರಿಸುವವರೆಗೆ ಗಾಳಿ ಎಳೆಯಬೇಕೆಂದು ಸೂಚನೆಯ ಹಾಳೆಯಲ್ಲಿ ಬರೆದಿರುತ್ತದೆ. ಅದು ಸಮುದ್ರದ ದಡದವರಿಗೆ ಬರೆದ ಅಂಕಿ. ನಾವು ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡವೇ 27.7 ಇಂಚಿನ ಆಸುಪಾಸು. ಮುಳ್ಳು 27ರ ಮೇಲೆ ಸ್ವಲ್ಪ ಹೋಗಿ ನಿಂತಿತೆಂದು ಪಂಪ್ ಕೆಟ್ಟಿದೆ ಎಂದು ಅಂಗಡಿಯವನ ಜೊತೆ ಜಗಳ ಆಡಬೇಡ. ಸಿಲಿಕೋನ್ ಉಬ್ಬಿ, ಕುಸಿದು, ಮೇಲ್ಮೈ ಶಾಂತವಾದರೆ ಕೆಲಸ ಆಯಿತು. ರೆಸಿನ್ನಿಗೆ ಇದರ ಉಲ್ಟಾ, 40ರಿಂದ 60 ಪಿಎಸ್‌ಐ ಒತ್ತಡ ಹಾಕಿ ಗುಳ್ಳೆಯನ್ನು ಕಣ್ಣಿಗೆ ಕಾಣದಷ್ಟು ಅಮುಕುತ್ತಾರೆ. ಇದಕ್ಕಾಗಿ ಅವ್ವನ ಅಡುಗೆ ಕುಕ್ಕರಿಗೆ ಕಂಪ್ರೆಸರ್ ಜೋಡಿಸುವ ಹುಡುಗರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡ. ಕುಕ್ಕರ್ ದುಡಿಯುವುದು 15 ಪಿಎಸ್‌ಐ ಆಸುಪಾಸಿನಲ್ಲಿ. ಅದರ ಮೂರು ನಾಲ್ಕು ಪಟ್ಟು ಒತ್ತಡಕ್ಕೆ ಅದು ಸಿಡಿದರೆ ಮುಚ್ಚಳ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಒತ್ತಡಕ್ಕೆಂದೇ ಮಾಡಿದ ಪಾತ್ರೆ ಕೊಳ್ಳಲು ಹಣವಾಗುವ ತನಕ ಅಚ್ಚಿನ ಒಳಮೈಗೆ ಟಾಲ್ಕ್ ಪೌಡರ್ ಉದುರಿಸಿ, ಹೆಚ್ಚಿದ್ದನ್ನು ತಟ್ಟಿ ತೆಗೆದು, ಆಳದ ಮೂಲೆಗಳಿಗೆ ಮೊದಲು ಕಡ್ಡಿಯಿಂದ ರೆಸಿನ್ ಹಚ್ಚಿ ಆಮೇಲೆ ಹೊಯ್ಯಿ. ಪೌಡರಿನ ಮೇಲೆ ರೆಸಿನ್ ಚೆನ್ನಾಗಿ ಹರಡುತ್ತದೆ, ಅಂಚಿನ ಗುಳ್ಳೆ ಬಹುಪಾಲು ಹೋಗುತ್ತದೆ.

ಈಗ ರೆಸಿನ್. ಇಲ್ಲಿ ನಿಧಾನವಾಗಿ ಕೇಳು.

ಫೈಬರ್ ಅಂಗಡಿಯಲ್ಲಿ ಸುಲಭವಾಗಿ, ಅಗ್ಗಕ್ಕೆ ಸಿಗುವುದು ಪಾಲಿಯೆಸ್ಟರ್. ನನ್ನ ಮಾತು ಕೇಳಿದರೆ ಅದನ್ನು ಮನೆಯೊಳಗೆ ತರಬೇಡ. ಘಾಟು ತಲೆಗೆ ಹತ್ತುತ್ತದೆ, ಕುಗ್ಗುವಿಕೆ ಜಾಸ್ತಿ, ಸಿಲಿಕೋನ್ ಅಚ್ಚನ್ನು ಬೇಗ ತಿನ್ನುತ್ತದೆ. ಇಷ್ಟೆಲ್ಲಕ್ಕಿಂತ ದೊಡ್ಡ ಅಪಾಯ ಅದರ ಜೊತೆ ಕೊಡುವ ಎರಡು ಸಣ್ಣ ಬಾಟಲಿಗಳದು. ಒಂದು ಕೋಬಾಲ್ಟ್ ಎಕ್ಸಿಲರೇಟರ್, ಇನ್ನೊಂದು ಎಂಇಕೆಪಿ ಎಂಬ ಪೆರಾಕ್ಸೈಡ್. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಆ ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತದೆ. ಕಾಲೇಜಿನಲ್ಲೋ ವರ್ಕ್‌ಶಾಪಿನಲ್ಲೋ ಅದನ್ನು ಬಳಸಬೇಕಾಗಿ ಬಂದರೆ ಎರಡೂ ಬಾಟಲಿಗಳನ್ನು ಬೇರೆ ಬೇರೆ ಜಾಗದಲ್ಲಿಡಿಸು, ಕಣ್ಣಿಗೆ ಗಾಗಲ್ಸ್ ಹಾಕು.

ಮಾದರಿ ಕೆಲಸಕ್ಕೆ ತಕ್ಕದ್ದು ಪಾಲಿಯುರಿಥೇನ್. ಎರಡು ಭಾಗ ಸಮಸಮ ಕಲಸುವ ಬಗೆಯದು ಕೊಂಡರೆ ಲೆಕ್ಕ ಸುಲಭ, ನೀರಿನಂತೆ ತೆಳು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತುಂಡು ಅಚ್ಚಿನಿಂದ ಹೊರಗೆ ಬರುತ್ತದೆ. ಆದರೆ ಕಲಸಿದ ಮೇಲೆ ಕೆಲವೇ ನಿಮಿಷ ನಿನ್ನ ಕೈಯಲ್ಲಿರುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಆ ನಿಮಿಷಗಳೂ ಅರ್ಧಕ್ಕಿಳಿಯುತ್ತವೆ, ಅದಕ್ಕೆ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಹೊಯ್ಯಬೇಕು. ಇದರ ವೈರಿ ತೇವ. ಅದರಲ್ಲಿರುವ ಐಸೊಸಯನೇಟ್ ನೀರಿನಂಶಕ್ಕೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಎರಕವೆಲ್ಲ ನೊರೆ ನೊರೆಯಾಗಿ ಉಬ್ಬುತ್ತದೆ. ಧಾರವಾಡದ ಕಡೆಯ ಜಿಟಿಜಿಟಿ ಮಳೆಯ ದಿನಗಳಲ್ಲಿ ಮುಚ್ಚಳ ತೆರೆದಿಟ್ಟರೆ ಡಬ್ಬಿಯೇ ಹಾಳಾಗುತ್ತದೆ. ದೊಡ್ಡ ಡಬ್ಬಿ ಕೊಳ್ಳದೆ ಚಿಕ್ಕವನ್ನೇ ಕೊಳ್ಳು, ಬಳಸಿದ ಕೂಡಲೇ ಬಿಗಿಯಾಗಿ ಮುಚ್ಚಿ, ಸಿಲಿಕಾ ಜೆಲ್ ಹಾಕಿದ ಇನ್ನೊಂದು ಡಬ್ಬದೊಳಗಿಡು. ಮರದ ಕಡ್ಡಿಯಲ್ಲೂ ತೇವ ಇರುತ್ತದೆ, ಕಲಸಲು ಪ್ಲಾಸ್ಟಿಕ್ ಕಡ್ಡಿ ಬಳಸು.

ಅದೇ ಐಸೊಸಯನೇಟ್ ಶ್ವಾಸಕ್ಕೂ ಕೆಟ್ಟದ್ದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾಯಿತೆಂದರೆ ಆಮೇಲೆ ಸ್ವಲ್ಪ ವಾಸನೆ ಸಾಕು, ಅಸ್ತಮಾ ಕೆರಳುತ್ತದೆ, ಆ ಸೂಕ್ಷ್ಮತೆ ಹೋಗುವುದಿಲ್ಲ. ಎಪಾಕ್ಸಿ ಎಂಬ ಇನ್ನೊಂದು ರೆಸಿನ್ನಿಗೆ ವಾಸನೆ ಕಡಿಮೆ ಎಂದು ಬರಿಗೈಯಲ್ಲಿ ಮುಟ್ಟುವವರಿಗೆ ಚರ್ಮದ ಅಲರ್ಜಿ ಹಾಗೆಯೇ ಹತ್ತುತ್ತದೆ. ನೈಟ್ರೈಲ್ ಕೈಚೀಲ ಹಾಕು. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಎರಕದ ತುಂಡನ್ನು ಒಣಗಿದಾಗ ತಿಕ್ಕಬೇಡ, ನೀರು ಹಾಕಿ ತಿಕ್ಕಿದರೆ ಧೂಳು ಏಳುವುದಿಲ್ಲ. ಅಡುಗೆಮನೆಯಲ್ಲಿ, ಚಿಕ್ಕಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಕೂಡದು. ಕಲಸಿದ ಬಟ್ಟಲು, ತೂಗಿದ ಲೋಟ ಮತ್ತೆ ಅಡುಗೆಗೆ ಹೋಗಕೂಡದು. ಮಾಳಿಗೆಯ ಮೇಲೆ ನೆರಳಿನಲ್ಲಿ, ಗಾಳಿ ಬೆನ್ನಿನಿಂದ ಬರುವಂತೆ ಕೂತು ಮಾಡು.

ಒಂದು ವಿಷಯದಲ್ಲಿ ನಿನ್ನಿಂದ ಮಾತು ಬೇಕು. ಅಚ್ಚು ಮಾಡುವ ಕೈ ಪಳಗಿದ ಮೇಲೆ ಯಾರಾದರೂ ಬಂದು ಕೊಂಡ ಕಿಟ್ಟಿನ ಒಂದು ತುಂಡು ಕೊಟ್ಟು ‘ಇದರದ್ದೇ ಹತ್ತು ಮಾಡಿಕೊಡು, ದುಡ್ಡು ಕೊಡುತ್ತೇನೆ’ ಎನ್ನುತ್ತಾರೆ. ಆಗುವುದಿಲ್ಲ ಎಂದು ಹೇಳು. ಅದನ್ನು ಕೊರೆದವನು ನೀನು ಈಗ ಮಾಸ್ಟರಿನ ಮೇಲೆ ಕೂತಂತೆಯೇ ತಿಂಗಳುಗಟ್ಟಲೆ ಕೂತಿರುತ್ತಾನೆ. ಜಪಾನಿನಲ್ಲಿ ಹವ್ಯಾಸಿಗಳು ಮನೆಯಲ್ಲೇ ರೆಸಿನ್ ಗೊಂಬೆ ಎರಕ ಹೊಯ್ದು ಮಾರುವ ವಂಡರ್ ಫೆಸ್ಟಿವಲ್ ಎಂಬ ಜಾತ್ರೆ 1980ರ ದಶಕದಿಂದ ನಡೆದುಬಂದಿದೆ. ಅಲ್ಲಿ ಬೇರೊಬ್ಬರ ಕಥೆಯ ಪಾತ್ರವನ್ನು ಮಾಡಿ ಮಾರುವ ಹವ್ಯಾಸಿಗೂ ಹಕ್ಕುದಾರರಿಂದ ಆ ಒಂದು ದಿನದ ಮಾರಾಟಕ್ಕೆ ಅನುಮತಿ ಸಿಗುವ ವ್ಯವಸ್ಥೆ ಇದೆ. ತಾನೇ ಕೈಯಾರೆ ಕಡೆದ ಗೊಂಬೆಗೂ ಅವರು ಅನುಮತಿ ಕೇಳುತ್ತಾರೆ ಎಂದಮೇಲೆ, ಇನ್ನೊಬ್ಬ ಕಡೆದದ್ದರಿಂದ ನೇರವಾಗಿ ಅಚ್ಚೆತ್ತಿ ಮಾರುವುದಕ್ಕೆ ಕಳವು ಎಂಬುದನ್ನು ಬಿಟ್ಟು ಬೇರೆ ಹೆಸರಿಲ್ಲ. ನೀನೇ ಅಳೆದು ನೀನೇ ಮಾಡಿದ ಮಾಸ್ಟರಿನಿಂದ ನೂರು ತೆಗೆ, ಸಾವಿರ ತೆಗೆ, ಮಾರು, ಹಂಚು. ಅದರಲ್ಲಿ ಯಾರ ಋಣವೂ ಇಲ್ಲ.

ಹಾಗಾದರೆ ಯಾವಾಗ ಶುರು ಮಾಡಬೇಕೆಂದು ಕೇಳುತ್ತೀ. ಮಳೆಗಾಲವನ್ನು ಅಳತೆಗೆ, ಮಾಸ್ಟರಿಗೆ ಕೊಡು. ಅಣ್ಣಿಗೇರಿಗೆ ಹೋಗಿ ಕಂಬಗಳಲ್ಲಿ ಎಷ್ಟು ಬಗೆ ಇವೆ ಎಂದು ಮೊದಲು ಎಣಿಸು. ಬಗೆಗೊಂದು ಮಾಸ್ಟರ್ ಬೇಕಾಗುತ್ತದೆ, 76 ಬೇಕಿಲ್ಲ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಅಳತೆ, ಫೋಟೊ ತೆಗೆದ ದಿನ, ಯಾವ ಡಬ್ಬಿಯ ಸಿಲಿಕೋನ್, ಆ ದಿನದ ಸೆಖೆ ಎಲ್ಲ ಬರೆದಿಡು. ಅಚ್ಚಿನ ಬೆನ್ನಿನ ಮೇಲೂ ತಾರೀಖು ಹಾಕು. ದೀಪಾವಳಿ ದಾಟಿ ಹವೆ ಒಣಗಿದ ಮೇಲೆ ರೆಸಿನ್ ಡಬ್ಬಿ ತೆರೆ. ಅದಕ್ಕೆ ಮೊದಲು ಮಾಸ್ಕ್ ಕೊಂಡಿರಬೇಕು. ಹಣ ಸಾಲದಿದ್ದರೆ ರೆಸಿನ್ನನ್ನು ಮುಂದಿನ ತಿಂಗಳಿಗೆ ಇಟ್ಟುಕೋ, ಮಾಸ್ಕನ್ನು ಈ ತಿಂಗಳೇ ತೆಗೆದುಕೋ.